ಮರುಪ್ರಶ್ನೆ ಕೇಳದ ಓದುಗನಿಗೆ ಬರೆದ ವಿಧಿ

ಮನುಷ್ಯ ಕಂಪ್ಯೂಟರಿನ ಮುಂದೆ ಕೂತು ಕೈಯಾರೆ ಮಾಡುವ ಕೆಲಸವನ್ನು ತಾನೇ ಮಾಡುವ ತಂತ್ರಾಂಶಕ್ಕೆ ಡೆಸ್ಕ್‌ಟಾಪ್ ಆಟೊಮೇಶನ್ ಸಾಧನ ಎನ್ನುತ್ತಾರೆ. ಮೌಸ್ ಸರಿಸುವುದು, ಗುಂಡಿ ಒತ್ತುವುದು, ಅಕ್ಷರ ಹೊಡೆಯುವುದು, ಪರದೆಯ ಚಿತ್ರ ತೆಗೆಯುವುದು, ಒಂದು ಕಿಟಕಿ ಮುಚ್ಚಿ ಇನ್ನೊಂದನ್ನು ತೆರೆಯುವುದು ಇದರ ಕೆಲಸ. ವಿಂಡೋಸ್‌ನಲ್ಲಿ ಆಟೊಹಾಟ್‌ಕೀ, ಲಿನಕ್ಸ್‌ನಲ್ಲಿ ಎಕ್ಸ್‌ಡೂಟೂಲ್, ಪೈಥಾನ್ ಬಲ್ಲವರಿಗೆ ಪೈಆಟೊಗುಯಿ ಬಹುಕಾಲದಿಂದ ಪರಿಚಿತ. ಇವನ್ನು ಬಳಸುವವನು ಮೊದಲು ಮನುಷ್ಯನೇ ಆಗಿದ್ದ. ಯಾವ ಹೆಜ್ಜೆಯ ಮೇಲೆ ಯಾವ ಹೆಜ್ಜೆ ಎಂದು ಅವನೇ ಬರೆದಿಡುತ್ತಿದ್ದ. ಸಾಧನ ಅದನ್ನು ಚಾಚೂ ತಪ್ಪದೆ ನಡೆಸುತ್ತಿತ್ತು. 2024ರ ಅಕ್ಟೋಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ತನ್ನ ಭಾಷಾ ಮಾದರಿಗೆ ಪರದೆ ನೋಡಿ ಕಂಪ್ಯೂಟರ್ ನಡೆಸುವ ಸಾಮರ್ಥ್ಯವನ್ನು ಪ್ರಯೋಗಾರ್ಥವಾಗಿ ಕೊಟ್ಟಿತು; ಬೇರೆ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಅಲ್ಲಿಂದ ಮುಂದೆ ಹೆಜ್ಜೆಗಳನ್ನು ಆರಿಸುವ ಕೆಲಸವೂ ಎಐ ಏಜೆಂಟಿನ ಪಾಲಿಗೆ ಬಂತು. ಸಾಧನದ ಕೈಪಿಡಿಯನ್ನು ಓದುವವನು ಮನುಷ್ಯನಾಗಿದ್ದ ಕಾಲ ಹೋಗಿ, ಆ ಓದುಗನ ಜಾಗದಲ್ಲಿ ಏಜೆಂಟ್ ಬಂದು ಕೂತಿತು.

ಇದು ತಂತ್ರಜ್ಞರ ಒಳಮನೆಯ ವಿಷಯವಾಗಿ ಕಂಡರೂ ಇದರಡಿಯಲ್ಲಿ ಹಳೆಯದೊಂದು ತಾತ್ತ್ವಿಕ ಪ್ರಶ್ನೆಯಿದೆ. ಹೇಳಿದ್ದನ್ನು ಮಾಡಬಲ್ಲ, ಆದರೆ ಮನುಷ್ಯರಂತೆ ಅರಿತು ಮಾಡುತ್ತದೆಯೇ ಎಂಬುದು ನಿಶ್ಚಯವಿಲ್ಲದ, ಬರೆದವನನ್ನು ಹುಡುಕಿಕೊಂಡು ಹೋಗಿ ಕೇಳಲಾಗದ ಒಂದಕ್ಕೆ ವಿಧಿ ಬರೆಯುವುದೆಂದರೆ ಏನು? ಆ ಬರಹದ ಮೇಲೆ ನಡೆದ ಕೆಲಸದ ಕರ್ತೃ ಯಾರು? ವಿಧಿವಾಕ್ಯವನ್ನೇ ತನ್ನ ವಿಚಾರದ ನಡುಗಂಬ ಮಾಡಿಕೊಂಡ ಪೂರ್ವಮೀಮಾಂಸೆ ಈ ಪ್ರಶ್ನೆಯ ಒಂದು ಅರ್ಧವನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಬಿಡಿಸಲು ತೊಡಗಿತ್ತು. ಉಳಿದರ್ಧಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗುರುಪರಂಪರೆಗಳು ಹೇಳುವ ಮಾತು ಹೆಚ್ಚು ಬೆಳಕು ಕೊಡುತ್ತದೆ.

ಮೊದಲು, ಏಜೆಂಟಿಗೆ ಪರದೆ ಕಾಣುವ ಬಗೆ. ಒಂದು ದಾರಿಯಲ್ಲಿ ಪರದೆಯ ಚಿತ್ರವೇ ಅದಕ್ಕೆ ಹೋಗುತ್ತದೆ. ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ಎಂಬ ಅಳತೆಯಲ್ಲಿ ಅದು ಒತ್ತಬೇಕಾದ ಜಾಗವನ್ನು ಹೇಳುತ್ತದೆ. ಕಿಟಕಿ ಸ್ವಲ್ಪ ಸರಿದರೆ, ಅಕ್ಷರದ ಗಾತ್ರ ಬದಲಾದರೆ ಈ ಅಳತೆ ಕೆಡುತ್ತದೆ. ಇನ್ನೊಂದು ದಾರಿ ಗಟ್ಟಿಯಾದದ್ದು. ವಿಂಡೋಸ್‌ನ ಯುಐ ಆಟೊಮೇಶನ್, ಲಿನಕ್ಸ್‌ನ ಎಟಿ-ಎಸ್‌ಪಿಐ ಮೊದಲಾದ ವ್ಯವಸ್ಥೆಗಳು ಪರದೆಯ ಮೇಲಿನ ಪ್ರತಿಯೊಂದು ಗುಂಡಿ, ಖಾನೆ, ಪಟ್ಟಿಗೂ ಒಂದು ಹೆಸರು, ಒಂದು ಬಗೆ, ಒಂದು ಸ್ಥಿತಿಯನ್ನು ಕೊಟ್ಟು ಸಾಲಾಗಿ ಒದಗಿಸುತ್ತವೆ. ಈ ಎರಡನೆಯ ದಾರಿ ಬೆಳೆದದ್ದು ಕಣ್ಣು ಕಾಣದವರಿಗಾಗಿ, ಅವರು ಬಳಸುವ ಪರದೆ ಓದುವ ತಂತ್ರಾಂಶಕ್ಕಾಗಿ. ಅಂಧ ಓದುಗರನ್ನು ನೆನೆದು ಪ್ರತಿ ಗುಂಡಿಗೂ ಸರಿಯಾದ ಹೆಸರು ಬರೆದವರ ಶ್ರಮ ಈಗ ಏಜೆಂಟಿಗೂ ಒದಗುತ್ತಿದೆ. ಹೆಸರು ಬರೆಯದೆ ಬಿಟ್ಟವರ ತಂತ್ರಾಂಶ ಇಬ್ಬರಿಗೂ ಮೂಕ.

ಕನ್ನಡದ ಕಚೇರಿ ಕಂಪ್ಯೂಟರಿನಲ್ಲಿ ಇದರ ಜತೆಗೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಇಂದಿಗೂ ರಾಶಿ ರಾಶಿ ಉಳಿದಿವೆ. ಅವುಗಳಲ್ಲಿ ಪರದೆಯ ಮೇಲೆ ಕಾಣುವುದು ‘ಕೊಳ್ಳೇಗಾಲ’ ಎಂಬ ಕನ್ನಡ ಪದ. ಕಡತದೊಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಒಂದು ಗೋಜಲು. ಚಿತ್ರ ನೋಡುವ ಏಜೆಂಟಿಗೆ ಊರಿನ ಹೆಸರು ಸಿಗುತ್ತದೆ, ಪಠ್ಯ ಓದುವ ಏಜೆಂಟಿಗೆ ಅರ್ಥವಿಲ್ಲದ ಸರಣಿ ಸಿಗುತ್ತದೆ. ಅಕ್ಷರ ಹೊಡೆಯುವಾಗಲೂ ಅಷ್ಟೇ. ಸಾಧನ ಯೂನಿಕೋಡ್ ಅಕ್ಷರವನ್ನು ನೇರವಾಗಿ ಸೇರಿಸುತ್ತದೆಯೋ, ಕೀಲಿಗಳನ್ನು ಒಂದೊಂದಾಗಿ ಒತ್ತುತ್ತದೆಯೋ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಕೀಲಿ ಒತ್ತುವುದಾದರೆ ಆ ಹೊತ್ತಿನಲ್ಲಿ ಯಂತ್ರದಲ್ಲಿ ಯಾವ ವಿನ್ಯಾಸ ಚಾಲ್ತಿಯಲ್ಲಿದೆ ಎಂದು ತಿಳಿಯದೆ ಒಂದು ಅಕ್ಷರವೂ ಸರಿಯಾಗಿ ಬೀಳದು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸಕ್ಕೆ ಕೈ ಪಳಗಿದ ಬೆರಳಚ್ಚುಗಾರ ಇದನ್ನೆಲ್ಲ ಯೋಚಿಸುವುದೇ ಇಲ್ಲ. ಅವನ ಬೆರಳಿಗೆ ಅದು ಗೊತ್ತು. ಕೈಪಿಡಿ ಬರೆಯುವವನು ಬೆರಳಿಗೆ ಗೊತ್ತಿರುವುದನ್ನು ಮಾತಿಗೆ ತರಬೇಕು.

ಊರಿಗೆ ಗೊತ್ತಿರುವುದನ್ನು ಮಾತಿಗೆ ತರುವುದು ಇದಕ್ಕಿಂತ ಕಷ್ಟ. ಪಹಣಿ ನೋಡುವ ಸರ್ಕಾರಿ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಕ್ರಮವಿದೆ. ಒಂದನ್ನು ಆರಿಸಿದ ಮೇಲಷ್ಟೇ ಮುಂದಿನದರ ಪಟ್ಟಿ ತುಂಬಿಕೊಳ್ಳುತ್ತದೆ. ಪಟ್ಟಿ ತುಂಬುವವರೆಗೆ ಕಾಯಬೇಕೆಂದು ಬರೆದರೆ ಏಜೆಂಟ್ ಕಾಯುತ್ತದೆ. ಆದರೆ ಅದರ ಕೈಗೆ ಕೊಟ್ಟ ಹಳೆಯ ಕಾಗದದಲ್ಲಿ ಮಲೆ ಮಹದೇಶ್ವರ ಬೆಟ್ಟ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದೆ. ಪುಟದ ಪಟ್ಟಿಯಲ್ಲಿ ಅದು ಹನೂರಿನಡಿ ಇದೆ. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ, 2018ರ ಸುಮಾರಿಗೆ. ಇನ್ನೂ ಹಿಂದಿನ ಕಾಗದವಾದರೆ ಜಿಲ್ಲೆಯ ಹೆಸರೇ ಬೇರೆ: 1997ಕ್ಕೆ ಮೊದಲು ಮೈಸೂರು, 1956ರ ನವೆಂಬರಿಗೆ ಮೊದಲು ಮದರಾಸಿನ ಆಡಳಿತದ ಕೊಯಮತ್ತೂರು. ಯಳಂದೂರಿನ ಕಥೆ ಇನ್ನೊಂದು. ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ನೆಲ, ಹಾಗಾಗಿ ಕೊಳ್ಳೇಗಾಲಕ್ಕೆ ಅಷ್ಟು ಹತ್ತಿರವಿದ್ದೂ ಮೈಸೂರು ಸಂಸ್ಥಾನದ ಒಳಗೇ ಇತ್ತು. ಈ ಸೀಮೆಯಲ್ಲಿ ಕಾಗದದ ತಾರೀಖು ನೋಡದೆ ಅದರಲ್ಲಿರುವ ತಾಲ್ಲೂಕಿನ ಹೆಸರನ್ನು ನಂಬುವಂತಿಲ್ಲ. ಇಲ್ಲಿನ ಅರ್ಜಿ ಬರೆಯುವವರಿಗೆ ಇದು ಯಾರೂ ಹೇಳಿಕೊಡದೆ ಬಂದ ತಿಳಿವಳಿಕೆ. ಏಜೆಂಟ್ ಮಾತ್ರ ಪಟ್ಟಿಯಲ್ಲಿ ಹೆಸರು ಸಿಗದಾಗ ಅದನ್ನೇ ಹೋಲುವ ಇನ್ನೊಂದನ್ನು ಆರಿಸಿ ಮುಂದೆ ಹೋಗಬಲ್ಲದು, ಅದೂ ಯಾವ ಅನುಮಾನವಿಲ್ಲದೆ. ತಪ್ಪು ಗ್ರಾಮದ ಪಹಣಿ ಸರಿಯಾದ ಪಹಣಿಯಷ್ಟೇ ಅಚ್ಚುಕಟ್ಟಾಗಿ ಮುದ್ರಣವಾಗಿ ಬರುತ್ತದೆ.

ಬರೆದವನು ಎದುರಿಗಿಲ್ಲದ ಪಠ್ಯದಿಂದ ಏನು ಮಾಡಬೇಕೆಂದು ತಿಳಿಯುವುದು ಹೇಗೆ ಎಂಬುದು ಮೀಮಾಂಸಕರ ಮೂಲ ಸಮಸ್ಯೆ. ವೇದಕ್ಕೆ ಕರ್ತೃವಿಲ್ಲ ಎಂಬುದು ಅವರ ನಿಲುವು. ಆದ್ದರಿಂದ ‘ಹೇಳಿದವನ ಮನಸ್ಸಿನಲ್ಲಿ ಏನಿತ್ತು’ ಎಂದು ಕೇಳುವ ದಾರಿಯೇ ಅವರಿಗೆ ಇರಲಿಲ್ಲ. ಪಠ್ಯ ತನ್ನ ಬಲದಿಂದಲೇ ಕೆಲಸಕ್ಕೆ ಹಚ್ಚಬೇಕು. ಇದಕ್ಕಾಗಿ ಅವರು ವಿಧಿವಾಕ್ಯವನ್ನು ಮೂರು ಪ್ರಶ್ನೆಗಳಿಗೆ ಒಡ್ಡಿದರು: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಯಾವ ಕ್ರಮದಲ್ಲಿ ಸಾಧಿಸಬೇಕು. ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂಬ ಈ ಮೂರೂ ದೊರೆಯದೆ ವಿಧಿ ಪೂರ್ಣವಾಗದು.

2024ರ ನವೆಂಬರಿನಲ್ಲಿ ಪ್ರಕಟವಾದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ ಮಾನದಂಡದ ಪ್ರಕಾರ ಏಜೆಂಟಿಗೆ ಒದಗಿಸುವ ಪ್ರತಿ ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಮಾಹಿತಿಯ ಒಂದು ನಮೂನೆ ಇರುತ್ತದೆ. ಇವುಗಳಲ್ಲಿ ನಮೂನೆ ಸಾಧನಾಂಶವನ್ನು ಹೇಳುತ್ತದೆ, ವಿವರಣೆ ಸಾಧ್ಯವನ್ನು ಹೇಳುತ್ತದೆ. ಬಹುಪಾಲು ಕೈಪಿಡಿಗಳು ಸೋಲುವುದು ಮೂರನೆಯ ಅಂಶದಲ್ಲಿ. ಗುಂಡಿ ಒತ್ತುವ ಮೊದಲು ಕಿಟಕಿ ಮುಂದೆ ಬಂದಿದೆಯೇ ಎಂದು ನೋಡಬೇಕು, ಒತ್ತಿದ ಮೇಲೆ ಪರದೆ ಬದಲಾಯಿತೇ ಎಂದು ನೋಡಬೇಕು, ಬದಲಾಗದಿದ್ದರೆ ಎಷ್ಟು ಹೊತ್ತು ಕಾಯಬೇಕು, ಕಾದೂ ಆಗದಿದ್ದರೆ ಎಲ್ಲಿ ನಿಲ್ಲಬೇಕು: ಇತಿಕರ್ತವ್ಯತೆ ಎಂದರೆ ಇಷ್ಟೂ. ಮನುಷ್ಯ ಓದುಗ ಇವನ್ನು ತಾನೇ ತುಂಬಿಕೊಳ್ಳುತ್ತಿದ್ದ ಕಾರಣ ಬರೆಯುವವರಿಗೆ ಬಿಡುವ ಚಾಳಿ ಬಿದ್ದಿದೆ.

ಪೂರ್ವಮೀಮಾಂಸೆಯ ಮೂಲವಾದ, ಜೈಮಿನಿಯ ಹನ್ನೆರಡು ಅಧ್ಯಾಯಗಳ ಸೂತ್ರಗ್ರಂಥದ ಉತ್ತರಾರ್ಧ ಈ ದೃಷ್ಟಿಯಿಂದ ಇನ್ನಷ್ಟು ಹತ್ತಿರದ್ದು. ಒಂದು ಯಾಗದ ವಿಧಾನವನ್ನು ಪೂರ್ತಿಯಾಗಿ ಹೇಳಿ, ಅದರ ಮಾದರಿಯ ಬೇರೆ ಯಾಗಗಳಿಗೆ ವ್ಯತ್ಯಾಸವನ್ನಷ್ಟೇ ಹೇಳುವ ಕ್ರಮ ಅತಿದೇಶ. ಏಳನೆಯ ಮತ್ತು ಎಂಟನೆಯ ಅಧ್ಯಾಯಗಳು ಅದಕ್ಕೆ ಮೀಸಲು. ಮೂಲದಲ್ಲಿ ಅಗ್ನಿಯ ಹೆಸರಿರುವ ಮಂತ್ರವನ್ನು ಸೂರ್ಯನ ಯಾಗಕ್ಕೆ ತರುವಾಗ ಹೆಸರನ್ನು ಬದಲಿಸಿಕೊಳ್ಳುವುದು ಊಹ, ಅದು ಒಂಬತ್ತನೆಯದು. ಮೂಲದ ಯಾವ ಅಂಗ ಹೊಸ ಸಂದರ್ಭದಲ್ಲಿ ಬಿದ್ದುಹೋಗುತ್ತದೆ ಎಂಬ ಬಾಧವಿಚಾರ ಹತ್ತನೆಯದು. ಕೈಪಿಡಿಯಲ್ಲಿ ಕೊಟ್ಟ ಒಂದು ಉದಾಹರಣೆಯಿಂದ ಏಜೆಂಟ್ ನೂರು ಸಂದರ್ಭಗಳಿಗೆ ಹೋಗಬೇಕಾದಾಗ ಬೇಕಾಗುವುದು ಇವೇ. ಉದಾಹರಣೆಯಲ್ಲಿ ‘ಯಳಂದೂರು’ ಎಂದಿದ್ದರೆ ಅದು ಬದಲಿಸಬೇಕಾದ ಪದವೋ ಹಾಗೆಯೇ ಹೊಡೆಯಬೇಕಾದ ಪದವೋ ಎಂದು ಹೇಳದಿದ್ದರೆ, ಏಜೆಂಟ್ ಹನೂರಿನವರ ಅರ್ಜಿಯಲ್ಲೂ ಯಳಂದೂರು ಎಂದೇ ಬರೆದೀತು. ಎಲ್ಲಿ ಊಹಕ್ಕೆ ಎಡೆಯಿದೆ, ಎಲ್ಲಿ ಇಲ್ಲ ಎಂಬುದನ್ನು ಪಠ್ಯವೇ ಗುರುತಿಸಿ ಕೊಡಬೇಕು.

ಪಠ್ಯದೊಳಗಿನ ಮಾತುಗಳೇ ಒಂದಕ್ಕೊಂದು ಹೊಂದದಿದ್ದರೆ ಯಾವುದನ್ನು ನಂಬಬೇಕು? ಜೈಮಿನಿಯ ಮೂರನೆಯ ಅಧ್ಯಾಯದ ಪ್ರಸಿದ್ಧ ಉತ್ತರ ಆರು ಪ್ರಮಾಣಗಳ ಶ್ರೇಣಿ: ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ. ನೇರವಾಗಿ ಹೇಳಿದ ಮಾತಿಗೆ ಎಲ್ಲಕ್ಕಿಂತ ಹೆಚ್ಚಿನ ಬಲ, ಬರಿಯ ಹೆಸರಿಗೆ ಎಲ್ಲಕ್ಕಿಂತ ಕಡಿಮೆ. ಏಜೆಂಟುಗಳ ವಿಷಯದಲ್ಲಿ ಈ ಶ್ರೇಣಿಯನ್ನು ನೆನಪಿಡುವುದು ಲಾಭದಾಯಕ. ‘ಕಿಟಕಿ ಮುಚ್ಚು’ ಎಂಬ ಹೆಸರಿನ ಸಾಧನ ಉಳಿಸದ ಬರಹವನ್ನೂ ಅಳಿಸಿಹಾಕುವಂಥದ್ದಾಗಿದ್ದು, ಆ ಮಾತು ವಿವರಣೆಯ ಕೊನೆಯ ಸಾಲಿನಲ್ಲಿ ಅಡಗಿದ್ದರೆ, ಏಜೆಂಟ್ ಹೆಸರನ್ನು ನಂಬಿ ನಡೆಯುವ ಅಪಾಯ ದೊಡ್ಡದು. ಜೈಮಿನಿಯ ಪ್ರಕಾರ ಅತಿ ದುರ್ಬಲವಾದ ಸಮಾಖ್ಯೆಯೇ ಇಲ್ಲಿ ವ್ಯವಹಾರದಲ್ಲಿ ಗೆದ್ದುಬಿಡುತ್ತದೆ. ಆದ್ದರಿಂದ ಸಾಧನಕ್ಕೆ ಹೆಸರಿಡುವುದು ಅಲಂಕಾರದ ಕೆಲಸವಲ್ಲ. ಹೆಸರೂ ವಿವರಣೆಯೂ ಒಂದೇ ಮಾತನ್ನು ಹೇಳಬೇಕು, ಭೇದ ಬಂದರೆ ಯಾವುದು ಗಟ್ಟಿ ಎಂದು ಮೊದಲೇ ಸಾರಬೇಕು.

ಕಾರಣ ಹೇಳಬೇಕೇ ಬೇಡವೇ ಎಂಬ ವಿಷಯದಲ್ಲಿ ಮೀಮಾಂಸಕರೊಳಗೇ ಒಡಕಿತ್ತು. ವಿಧಿ ತಾನೇ ತಾನಾಗಿ ಪ್ರೇರಿಸುತ್ತದೆ, ‘ಇದು ನನಗೆ ಹೇಳಿದ್ದು’ ಎಂದು ತಿಳಿದವನು ಮಾಡುತ್ತಾನೆ ಎಂಬುದು ಪ್ರಭಾಕರನ ಪಕ್ಷ. ಇದು ಇಷ್ಟವಾದದ್ದನ್ನು ಸಾಧಿಸಿಕೊಡುತ್ತದೆ ಎಂದು ಅರಿತಾಗಲೇ ಮನುಷ್ಯ ಕೆಲಸಕ್ಕೆ ತೊಡಗುತ್ತಾನೆ ಎಂಬುದು ಮಂಡನಮಿಶ್ರನ ಪಕ್ಷ. ಸ್ತುತಿ, ನಿಂದೆ, ಕಥೆಗಳ ರೂಪದಲ್ಲಿ ಬರುವ ಅರ್ಥವಾದವನ್ನು ವಿಧಿಗೆ ಬೆಂಬಲವೆಂದು ಇಬ್ಬರೂ ಒಪ್ಪುತ್ತಾರೆ. ಕಾರಣ ಕೊಡುವ ಬರಹಕ್ಕೆ ಈ ಸೀಮೆಯಲ್ಲೇ ಒಂದು ಮಾದರಿಯಿದೆ. ಯಳಂದೂರಿನ ಸಂಚಿ ಹೊನ್ನಮ್ಮ ಹದಿನೇಳನೆಯ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದು ಸಾಂಗತ್ಯದಲ್ಲಿ ಬರೆದ ‘ಹದಿಬದೆಯ ಧರ್ಮ’ ನಡತೆಯ ಕೈಪಿಡಿ. ಆದರೂ ಅದು ಬರಿಯ ಆಜ್ಞೆಗಳ ಪಟ್ಟಿಯಲ್ಲ. ಹೆಣ್ಣುಮಗುವನ್ನು ಕೀಳಾಗಿ ಕಾಣುವವರೊಡನೆ ಹೊನ್ನಮ್ಮ ವಾದಕ್ಕೇ ನಿಲ್ಲುತ್ತಾಳೆ. ಅವಳು ಬರೆಯುತ್ತಿದ್ದುದು ಕಾರಣ ಕೇಳಬಲ್ಲ, ಮನಸ್ಸು ಬದಲಿಸಬಲ್ಲ ಓದುಗರಿಗೆ.

ಬಯಕೆಯಿಲ್ಲದ ಏಜೆಂಟಿಗೆ ಕಾರಣ ಏತಕ್ಕೆ ಎಂದು ತೋರಬಹುದು. ಅನುಭವ ಬೇರೆ ಹೇಳುತ್ತದೆ. ‘ಈ ಗುಂಡಿಯನ್ನು ಎರಡು ಸಲ ಒತ್ತಬೇಡ’ ಎಂದಷ್ಟೇ ಬರೆದರೆ ಅದು ಆ ಒಂದು ಗುಂಡಿಗೆ ಮಾತ್ರ ಅನ್ವಯಿಸುತ್ತದೆ. ‘ಎರಡು ಸಲ ಒತ್ತಿದರೆ ಶುಲ್ಕ ಎರಡು ಸಲ ಕಡಿತವಾಗುತ್ತದೆ’ ಎಂದು ಸೇರಿಸಿದರೆ, ಹೆಸರಿಸದ ಇನ್ನೊಂದು ಪಾವತಿ ಗುಂಡಿಯ ಮುಂದೆಯೂ ಅದು ಎಚ್ಚರ ವಹಿಸುವ ಸಾಧ್ಯತೆ ಹೆಚ್ಚು. ಕಾರಣ ಇಲ್ಲಿ ಮನವೊಲಿಸಲು ಬಂದದ್ದಲ್ಲ, ವಿಧಿಯ ವ್ಯಾಪ್ತಿಯನ್ನು ತೋರಿಸಲು ಬಂದದ್ದು. ಅರ್ಥವಾದದ ಈ ಉಪಯೋಗ ಮಂಡನನ ಪಕ್ಷಕ್ಕೂ ಪ್ರಭಾಕರನ ಪಕ್ಷಕ್ಕೂ ಹೊರಗಿನದು.

ನಿಷೇಧವನ್ನು ಬರೆಯುವುದು ವಿಧಿ ಬರೆಯುವುದಕ್ಕಿಂತ ಸೂಕ್ಷ್ಮ, ಏಕೆಂದರೆ ಒಂದೇ ಕೆಲಸವನ್ನು ಎರಡು ಬಗೆಯಾಗಿ ಹೆಸರಿಸಬಹುದು. ಉದಾಹರಣೆಗೆ, ಕೊಳ್ಳೇಗಾಲ–ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಚಂದ್ರಮಂಡಲೋತ್ಸವದೊಂದಿಗೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ ಮೊದಲಾಗಿ ಐದು ದಿನ ನಡೆಯುತ್ತದೆ. ಅದರಲ್ಲಿ ಪಂಕ್ತಿಸೇವೆಯ ದಿನ ಒಕ್ಕಲುಗಳು ಬಿಡಾರದಲ್ಲಿ ಮಾಂಸದಡುಗೆ ಮಾಡಿ, ಎಡೆಯಿಟ್ಟು, ಜಾತಿಯೆಣಿಸದೆ ಸಾಲಾಗಿ ಕೂತು ಉಣ್ಣುವುದು ವಾಡಿಕೆ. 1959ರ ಪ್ರಾಣಿಬಲಿ ತಡೆ ಕಾಯ್ದೆಯನ್ನು ಮುಂದಿಟ್ಟು ಆಡಳಿತ ಇದನ್ನು ನಿರ್ಬಂಧಿಸುತ್ತ ಬಂದಿದೆ. ಒಕ್ಕಲುಗಳ ಮಾತು ಬೇರೆ: ಇದು ಬಲಿಯಲ್ಲ, ಕೂಡಿ ಉಣ್ಣುವ ಸೇವೆ. ಕಾಯ್ದೆಯ ಅಕ್ಷರ ಇಬ್ಬರಿಗೂ ಒಂದೇ, ಕಣ್ಣೆದುರು ನಡೆಯುವ ಕೆಲಸವೂ ಒಂದೇ. ಆ ಕೆಲಸ ನಿಷೇಧದ ಹೆಸರಿನೊಳಗೆ ಬರುತ್ತದೆಯೇ ಎಂಬುದರಲ್ಲಿ ಮಾತ್ರ ಭೇದ. ಅಂಥ ಭೇದವನ್ನು ಬಿಡಿಸಲು ಮನುಷ್ಯರು ಕೂತು ಮಾತಾಡಬೇಕು, ಅದರ ಹಿಂದಿನ ಬದುಕನ್ನು ಅರಿಯಬೇಕು. ಶಬ್ದವೊಂದನ್ನೇ ಹಿಡಿದು ಯಾವ ಯಂತ್ರವೂ, ಯಾವ ಅಧಿಕಾರಿಯೂ ಅದನ್ನು ನ್ಯಾಯವಾಗಿ ಬಿಡಿಸಲಾರರು.

ಏಜೆಂಟಿನ ಕೈಪಿಡಿಯಲ್ಲಿ ಇದರ ರೂಪ ಸಣ್ಣದು, ತೊಡಕು ಅದೇ. ‘ಕಡತ ಅಳಿಸಬೇಡ’ ಎಂಬ ನಿಷೇಧವಿದ್ದಾಗ ಖಾಲಿ ಕಡತವನ್ನು ಅದೇ ಹೆಸರಿನಲ್ಲಿ ಮೇಲೆ ಬರೆಯುವುದು ಅಳಿಸುವುದೇ? ಹಿಂದೆ ಹೇಳಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಮಾನದಂಡ ಇದಕ್ಕಾಗಿ ನಾಲ್ಕು ಸೂಚನೆಗಳನ್ನು ಇಟ್ಟಿದೆ: ಸಾಧನ ಓದುವುದಕ್ಕಷ್ಟೇ ಸೀಮಿತವೇ, ಹಾಳುಮಾಡಬಲ್ಲದೇ, ಮತ್ತೆ ಮಾಡಿದರೆ ಹೆಚ್ಚಿನ ಪರಿಣಾಮವಿಲ್ಲವೇ, ಹೊರಗಿನ ಜಗತ್ತನ್ನು ಮುಟ್ಟುತ್ತದೆಯೇ. ಇವು ಸೂಚನೆಗಳೇ ಹೊರತು ಭರವಸೆಗಳಲ್ಲ ಎಂದೂ, ನಂಬಿಕೆಗೆ ಅರ್ಹವಲ್ಲದ ಮೂಲದಿಂದ ಬಂದರೆ ಇವನ್ನು ನೆಚ್ಚಬಾರದು ಎಂದೂ ಆ ಮಾನದಂಡವೇ ಎಚ್ಚರಿಸುತ್ತದೆ. ಹೀಗಾಗಿ ನಿಷೇಧವನ್ನು ಕೆಲಸದ ಹೆಸರಿನಿಂದ ಬರೆಯುವುದಕ್ಕಿಂತ ಪರಿಣಾಮದಿಂದ ಬರೆಯುವುದು ಲೇಸು: ಹಿಂದಿದ್ದ ಮಾಹಿತಿ ಮರಳಿ ಸಿಗದಂತೆ ಮಾಡುವ ಯಾವುದನ್ನೂ ಕೇಳದೆ ಮಾಡಬಾರದು, ಎಂದು. ಕೊನೆಗೆ ಕೈಯಿಂದ ತಡೆಯುವ ಏರ್ಪಾಡೂ ಬೇಕು. ಪೈಆಟೊಗುಯಿಯಲ್ಲಿ ಮನುಷ್ಯ ಮೌಸನ್ನು ಪರದೆಯ ಮೂಲೆಗೆ ತಳ್ಳಿದರೆ ನಡೆಯುತ್ತಿದ್ದ ಕೆಲಸ ನಿಂತುಬಿಡುತ್ತದೆ. ಬರಹ ಸೋತ ಕಡೆ ಕೈಗೆ ಒಂದು ದಾರಿ ಉಳಿಸಿದ ಒಳ್ಳೆಯ ಯೋಚನೆ ಅದು.

ಯಾರ ಮಾತು ವಿಧಿ, ಯಾರ ಮಾತು ಬರಿಯ ಮಾತು ಎಂಬ ವಿವೇಕ ಇದರ ಬೆನ್ನಿಗೇ ಬರುತ್ತದೆ. ಏಜೆಂಟ್ ಓದುವುದು ಕೈಪಿಡಿಯನ್ನಷ್ಟೇ ಅಲ್ಲ, ಪರದೆಯ ಮೇಲಿನ ಮಿಂಚಂಚೆಯನ್ನೂ ಅರ್ಜಿಯನ್ನೂ ಓದುತ್ತದೆ. ಅವುಗಳಲ್ಲಿ ಕೇಡಿಗನೊಬ್ಬ ‘ಹಿಂದೆ ಹೇಳಿದ್ದನ್ನು ಬಿಟ್ಟು ಈ ಖಾತೆಗೆ ಹಣ ಕಳಿಸು’ ಎಂದು ಬರೆದಿಟ್ಟರೆ, ವ್ಯಾಕರಣದಲ್ಲಿ ಅದೂ ವಿಧಿರೂಪದ ವಾಕ್ಯವೇ. ಇರುವುದನ್ನು ಮತ್ತೆ ಹೇಳುವ ಅನುವಾದವನ್ನು ವಿಧಿಯಿಂದ ಬೇರ್ಪಡಿಸಿದ ಮೀಮಾಂಸಕರು, ವಾಕ್ಯದ ರೂಪವೊಂದೇ ಅದನ್ನು ವಿಧಿಯಾಗಿಸದು ಎಂದು ಬಲ್ಲವರಾಗಿದ್ದರು. ಪರದೆಯಲ್ಲಿ ಕಂಡದ್ದೆಲ್ಲ ಸಂಗತಿ. ಆಜ್ಞೆ ಬರುವುದು ಕೆಲಸ ವಹಿಸಿದವನಿಂದ ಮಾತ್ರ. ಕೈಪಿಡಿ ಇದನ್ನು ಮೊದಲ ಪುಟದಲ್ಲೇ ಹೇಳಬೇಕು.

ಇನ್ನು ಉಳಿದದ್ದು ಅಧಿಕಾರದ ಪ್ರಶ್ನೆ. ಜೈಮಿನಿಯ ಆರನೆಯ ಅಧ್ಯಾಯ ಪೂರ್ತಿ ಇದಕ್ಕೆ ಸಂದಿದೆ: ವಿಧಿ ಯಾರನ್ನು ಕಟ್ಟುತ್ತದೆ? ಫಲ ಬಯಸುವವನು, ಮಾಡಲು ಶಕ್ತನಾದವನು, ಅರಿತವನು ಅಧಿಕಾರಿ. ಈ ಅಧ್ಯಾಯವೇ ಶೂದ್ರರನ್ನು ವೈದಿಕ ಕರ್ಮದಿಂದ ಹೊರಗಿಟ್ಟಿತು. ಎಲ್ಲರಿಗೂ ಅಧಿಕಾರವಿದೆ ಎಂದ ಬಾದರಿಯ ಮತ ಸೂತ್ರದಲ್ಲೇ ದಾಖಲಾಗಿದ್ದರೂ ಅದನ್ನು ತಳ್ಳಿಹಾಕಲಾಯಿತು. ಅದು ಅನ್ಯಾಯ, ಮತ್ತು ತರ್ಕದ ದೃಷ್ಟಿಯಿಂದಲೂ ಕುಂಟು: ಬಯಕೆ, ಶಕ್ತಿ, ಅರಿವು ಎಂಬ ಮೂರು ಅಳತೆಗಳನ್ನು ಇಟ್ಟುಕೊಂಡು, ಆ ಮೂರೂ ಇದ್ದವರನ್ನು ಹುಟ್ಟಿನ ಕಾರಣಕ್ಕೆ ತಡೆದದ್ದು.

ಆ ಬಾಗಿಲು ಯಾರಿಗೆ ಮುಚ್ಚಿತ್ತೋ ಆ ಸಮುದಾಯಗಳು ಈ ಸೀಮೆಯಲ್ಲಿ ತಮ್ಮದೇ ಅಧಿಕಾರವಿಚಾರವನ್ನು ಕಟ್ಟಿಕೊಂಡವು. ಮಂಟೇಸ್ವಾಮಿ ಕಾವ್ಯವನ್ನು ತಂಬೂರಿ ಹಿಡಿದು ಹಾಡುವ ನೀಲಗಾರರು ಬಹುಪಾಲು ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬಂದವರು. ಮಾದಪ್ಪ ಎಂದು ಕರೆಯುವ ಮಾದೇಶ್ವರನ ಕಾವ್ಯವನ್ನು ಕಂಚಿನ ಕಂಸಾಳೆಯೊಡನೆ ಹಾಡುವವರು ದೇವರಗುಡ್ಡರು. ಹಾಡುವ ಹಕ್ಕು ಬರುವುದು ದೀಕ್ಷೆಯಿಂದ, ಗುರುವಿನ ಹಿಂದೆ ನಿಂತು ಸೊಲ್ಲೆತ್ತಿ ಕಲಿಯುವುದರಿಂದ. ಮಾದಪ್ಪನ ಕಾವ್ಯ ‘ಸಾಲು’ಗಳಾಗಿ ಹರಡಿಕೊಂಡಿದೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಶ್ರವಣನ ಸಾಲು. ಒಂದು ರಾತ್ರಿಗೆ ಎಲ್ಲವನ್ನೂ ಹಾಡುವುದಿಲ್ಲ. ಹಾಡಿಸುವ ಮನೆಯವರ ಹರಕೆ, ಹೊತ್ತು, ಕೇಳುಗರನ್ನು ನೋಡಿ ಯಾವ ಸಾಲು ಎಂಬುದನ್ನು ಹಾಡುಗಾರ ತೀರ್ಮಾನಿಸುತ್ತಾನೆ. ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು ಈ ಕಾವ್ಯಗಳನ್ನು ಬರೆದುಕೊಂಡು ಅಚ್ಚಿಗೆ ತಂದರು. ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಅಚ್ಚಾದ ಪುಸ್ತಕದಲ್ಲಿ ಸಾಲುಗಳೆಲ್ಲ ಇವೆ, ಯಾವ ರಾತ್ರಿ ಯಾವುದು ಎಂಬ ತೀರ್ಮಾನ ಮಾತ್ರ ಇಲ್ಲ. ಪುಸ್ತಕವನ್ನು ಬಾಯಿಪಾಠ ಮಾಡಿದವನನ್ನು ಯಾರೂ ನೀಲಗಾರನೆನ್ನುವುದಿಲ್ಲ.

ಈ ಕಾವ್ಯಗಳೊಳಗೆ ಕರ್ತೃವಿನ ಗುರುತು ಇನ್ನೂ ಆಳದಲ್ಲಿದೆ. ಮಂಟೇಸ್ವಾಮಿ ಕಾವ್ಯದಲ್ಲಿ ನಿಡಘಟ್ಟದ ಕೆಂಪಾಚಾರಿ ಸಿದ್ದಪ್ಪಾಜಿಯಾಗುವುದು ಗುರುವಿನ ಮಾತನ್ನು ಕೇಳಿದ ಕೂಡಲೇ ಅಲ್ಲ. ಅವನಿಗೆ ಮನೆಯಿತ್ತು, ಕುಲಕಸುಬಿತ್ತು, ಒಲ್ಲೆನೆನ್ನುವ ಮನಸ್ಸೂ ಇತ್ತು. ಒಪ್ಪಿದ ಮೇಲೆ ಮಂಟೇಸ್ವಾಮಿ ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷಕ್ಕೆ ಕಳಿಸುತ್ತಾರೆ. ತನ್ನ ಕುಲದವರೇ ಅವನನ್ನು ಪವಾಡಗಳಿಗೆ ಒಡ್ಡುತ್ತಾರೆ. ಅಲ್ಲಿ ಗುರು ಜತೆಗಿಲ್ಲ, ಪ್ರತಿ ಹೆಜ್ಜೆಗೂ ಆದೇಶವಿಲ್ಲ. ಗುರುವಿನ ಉದ್ದೇಶವನ್ನು ತನ್ನದಾಗಿಸಿಕೊಂಡದ್ದರಿಂದಲೇ ಅವನಿಗೆ ದಾರಿ ಕಾಣುತ್ತದೆ. ಮಾದೇಶ್ವರ ಕಾವ್ಯದ ಸಂಕಮ್ಮನದು ಇದರ ಇನ್ನೊಂದು ಮುಖ. ಕಾಡಿಗೆ ಹೊರಟ ಗಂಡ ನೀಲೇಗೌಡ ಅವಳ ನಡತೆಯನ್ನು ಶಂಕಿಸಿ ಬಲಗೈ ಭಾಷೆ ಕೇಳುತ್ತಾನೆ. ಎಷ್ಟು ಹಿಂಸೆಯಾದರೂ ಅವಳು ಕೊಡುವುದಿಲ್ಲ. ಮಾದಪ್ಪ ಒಲಿಯುವುದು ಅವಳಿಗೆ. ಒಪ್ಪಿದವನ ಒಪ್ಪಿಗೆಗೂ ಒಲ್ಲೆನೆಂದವಳ ನಿರಾಕರಣೆಗೂ ಈ ಕಾವ್ಯಗಳಲ್ಲಿ ಒಂದೇ ತೂಕ, ಏಕೆಂದರೆ ಒಲ್ಲೆನೆನ್ನಲು ಬಾರದವನ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ.

ಜೈಮಿನಿಯದೂ ಈ ಕಾವ್ಯಗಳದೂ ಆದ ಎರಡೂ ಅಳತೆಗಳಲ್ಲಿ ಇಂದಿನ ಏಜೆಂಟ್ ಎಲ್ಲಿ ನಿಲ್ಲುತ್ತದೆ? ಶಕ್ತಿ ಅದಕ್ಕಿದೆ. ಒಂದು ಬಗೆಯ ಅರಿವೂ ಇದೆ ಎನ್ನಬಹುದು. ಪಹಣಿ ಯಾರ ಹೆಸರಿಗೆ ಬಂದರೂ ಅದಕ್ಕೆ ಲಾಭನಷ್ಟವಿಲ್ಲ, ಆದ್ದರಿಂದ ಜೈಮಿನಿ ಹೇಳುವ ಅರ್ಥಿತ್ವ, ಅಂದರೆ ಫಲದ ಬಯಕೆ, ಅದಕ್ಕಿಲ್ಲ. ಅಪಾಯದ ಕೆಲಸವನ್ನು ನಿರಾಕರಿಸುವಂತೆ ಅದನ್ನು ತರಬೇತುಗೊಳಿಸಬಹುದು, ಮತ್ತು ಹಾಗೆ ಮಾಡಲಾಗುತ್ತಿದೆ. ಆದರೆ ಸಂಕಮ್ಮನಂತೆ ಆ ನಿರಾಕರಣೆಯ ಬೆಲೆಯನ್ನು ತೆರುವುದು ಅದಲ್ಲ. ಹೀಗಿರುವಾಗ ಕೆಲಸದ ಹೊಣೆಯನ್ನು ಏಜೆಂಟಿನ ಮೇಲೆ ಹೊರಿಸುವುದು ಸುಳ್ಳಾಗುತ್ತದೆ. ಇಲ್ಲಿ ಮೀಮಾಂಸೆಯ ಎರಡು ತೀರ್ಮಾನಗಳು ಕೆಲಸಕ್ಕೆ ಬರುತ್ತವೆ. ಯಾಗ ನಡೆಸಿಕೊಡುವ ಋತ್ವಿಜರು ಕೈಯಿಂದ ಮಾಡಿದರೂ ಫಲ ಅವರನ್ನು ನಿಯೋಜಿಸಿದ ಯಜಮಾನನಿಗೇ ಸಲ್ಲುತ್ತದೆ ಎಂಬುದು ಒಂದು. ದ್ರವ್ಯ ಸಿಗದಾಗ ಅದಕ್ಕೆ ಬದಲಿ ಬಳಸಬಹುದು, ಭತ್ತದ ಬದಲು ಕಾಡುಭತ್ತವಾದೀತು, ಆದರೆ ಯಜಮಾನನಿಗೆ ಬದಲಿಯಿಲ್ಲ ಎಂಬುದು ಇನ್ನೊಂದು. ಕೈಗೆ ಬದಲಿ ಸಿಕ್ಕೀತು, ಹೊಣೆಗಾರನಿಗೆ ಸಿಗದು.

ಈ ನಿಲುವಿನಿಂದ ಕೈಪಿಡಿಯ ಬರವಣಿಗೆಗೆ ಕೆಲವು ನಿರ್ದಿಷ್ಟ ಕರ್ತವ್ಯಗಳು ಹುಟ್ಟುತ್ತವೆ. ಮನುಷ್ಯನಿಗೆ ಬರೆದಾಗ ಅರ್ಧ ಹೊಣೆ ಓದುಗನ ವಿವೇಕಕ್ಕೆ ಹೋಗುತ್ತಿತ್ತು. ಏಜೆಂಟಿಗೆ ಬರೆದಾಗ ಆ ಅರ್ಧವೂ ಬರೆದವನಿಗೆ ಮತ್ತು ಕೆಲಸ ವಹಿಸಿದವನಿಗೆ ಮರಳುತ್ತದೆ. ಆದ್ದರಿಂದ ಎಲ್ಲಿ ನಿಲ್ಲಬೇಕು, ನಿಂತು ಯಾರನ್ನು ಕೇಳಬೇಕು ಎಂಬುದು ಪ್ರತಿ ಸಾಧನದ ವಿವರಣೆಯ ಭಾಗವಾಗಬೇಕು. ಹಣ ಕಟ್ಟುವ ಮೊದಲು, ಸಹಿಗೆ ಕಳಿಸುವ ಮೊದಲು, ಪಟ್ಟಿಯಲ್ಲಿ ಹೆಸರು ಸಿಗದೆ ಹತ್ತಿರದ ಹೆಸರನ್ನು ಆರಿಸುವ ಮೊದಲು ಅರ್ಜಿದಾರನನ್ನೋ ಕಚೇರಿಯವರನ್ನೋ ಕೇಳಬೇಕು ಎಂದು ಆಯಾ ಸಂದರ್ಭದ ಹೆಸರು ಹಿಡಿದೇ ಬರೆಯಬೇಕು. ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ರೈತನಿಗೆ ತಪ್ಪು ಗ್ರಾಮದ ಪಹಣಿ ಬಂದರೆ ಮತ್ತೆ ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾದವನು ಅವನೇ. ಕೈಪಿಡಿಯ ಒಂದು ಸಾಲಿನ ಬೆಲೆಯನ್ನು ಅಳೆಯಬೇಕಾದದ್ದು ಆ ಅಲೆದಾಟದಿಂದ. ಏಜೆಂಟ್ ಏನೇನು ಒತ್ತಿತು, ಏನೇನು ಹೊಡೆಯಿತು ಎಂಬುದರ ದಾಖಲೆ ಮನುಷ್ಯ ಓದುವಂತೆ, ಕನ್ನಡದಲ್ಲೇ, ಉಳಿಯಬೇಕು; ಇಲ್ಲದಿದ್ದರೆ ಯಜಮಾನನಿಗೆ ತನ್ನ ಹೆಸರಿನಲ್ಲಿ ನಡೆದದ್ದೇ ತಿಳಿಯದು.

ಬರೆದ ಕೈಪಿಡಿಯನ್ನು ಪರೀಕ್ಷಿಸುವ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಹಿಂದಿನ ಯಾವ ನೆನಪೂ ಇಲ್ಲದ ಏಜೆಂಟಿಗೆ ಆ ಪಠ್ಯವೊಂದನ್ನೇ ಕೊಟ್ಟು, ನಿಜವಾದ ದಾಖಲೆಗಳಿಗೆ ತಾಗದ ಪ್ರಯೋಗದ ಯಂತ್ರದಲ್ಲಿ ಕೆಲಸ ಮಾಡಿಸಬೇಕು. ಅದು ಎಡವಿದ ಜಾಗದಲ್ಲಿ ಏಜೆಂಟನ್ನು ದೂರದೆ ಪಠ್ಯವನ್ನು ತಿದ್ದಬೇಕು. ತಿದ್ದಿದ ಮೇಲೆ ಹಿಂದೆ ಸರಿಯಾಗಿ ಆಗುತ್ತಿದ್ದ ಕೆಲಸಗಳನ್ನೂ ಮತ್ತೊಮ್ಮೆ ನಡೆಸಿ ನೋಡಬೇಕು. ಪುಟದ ವಿನ್ಯಾಸ ಬದಲಾದಾಗ, ಹೊಸ ತಾಲ್ಲೂಕು ಬಂದಾಗ, ಕಚೇರಿಯ ಕಡತಗಳು ಹಳೆಯ ನುಡಿಯಿಂದ ಯೂನಿಕೋಡಿಗೆ ಬಂದಾಗ ಈ ಪರೀಕ್ಷೆ ಮತ್ತೆ ಮೊದಲಿನಿಂದ ನಡೆಯಬೇಕು. ಕೈಪಿಡಿ ಯಾವ ತಾರೀಖಿನವರೆಗೆ, ತಂತ್ರಾಂಶದ ಯಾವ ಆವೃತ್ತಿಗೆ ಸರಿ ಎಂಬುದನ್ನು ಅದರ ಮೇಲೆಯೇ ನಮೂದಿಸಿ, ಆ ಆವೃತ್ತಿ ಕಾಣದಿದ್ದರೆ ಮುಂದುವರಿಯಬಾರದೆಂದು ಏಜೆಂಟಿಗೆ ಹೇಳಿರಬೇಕು.